ಟ್ಯಾಕ್ಸ್ ಉಳಿಸೋಕೆ ಕಾರವಾರ ಬಿಟ್ಟು ಗೋವಾಕ್ಕೆ ಹೋಗಬೇಕಾ? ಲೆಕ್ಕ ಹೀಗೆ ಹಾಕಿ

ಗೋವಾ ಗಡಿಯೊಳಗಿನ ಪೋಳೆಯ ಪೆಟ್ರೋಲ್ ಬಂಕಿನಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಸಾಲಿನಲ್ಲಿ ನಮ್ಮ ಕಾರವಾರದ ಕೆಎ-30 ನಂಬರಿನ ಗಾಡಿಗಳು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ಈ ಕಡೆಯ ಗಡಿ ಊರು ಮಾಜಾಳಿ ದಾಟಿದ ಕೂಡಲೇ ಲೀಟರಿಗೆ ಕೆಲವು ರೂಪಾಯಿ ಕಡಿಮೆ ಅಂದ್ರೆ ಯಾರಿಗೆ ಬೇಡ? ಮುಂದಿನ ಯೋಚನೆ ಅಲ್ಲಿಂದಲೇ ಶುರುವಾಗುತ್ತದೆ. ಪೆಟ್ರೋಲ್ ಅಗ್ಗ, ಗಾಡಿ ಟ್ಯಾಕ್ಸ್ ಕಡಿಮೆ, ಕರೆಂಟಿನ ದರವೂ ಕಡಿಮೆ, ಹಾಗಿದ್ರೆ ಸಂಸಾರವನ್ನೇ ಗೋವಾದ ಕಾಣಕೋಣಕ್ಕೋ ಮಡಗಾಂವಕ್ಕೋ ಎತ್ತಿಕೊಂಡು ಹೋದ್ರೆ ಆಗಲ್ವಾ ಅಂತ.

ಹೋಗಬಹುದು. ಎಷ್ಟೋ ಜನ ಹೋಗಿದ್ದಾರೆ, ಚೆನ್ನಾಗಿಯೂ ಇದ್ದಾರೆ. ಆದರೆ ಟ್ಯಾಕ್ಸ್ ಒಂದನ್ನೇ ನೆಚ್ಚಿಕೊಂಡು ಹೊರಡಬೇಡಿ. ಉಳಿಯೋ ದುಡ್ಡು ನಾವು ಅಂದುಕೊಂಡಿದ್ದಕ್ಕಿಂತ ಕಡಿಮೆ. ಕೈ ಬಿಟ್ಟು ಹೋಗೋದು ಏನು ಅಂತ ಗೊತ್ತಾಗೋದು ಮಾತ್ರ ತಡವಾಗಿ. ಅದಕ್ಕೇ ಒಂದು ಹಾಳೆ ತಗೊಂಡು ನಡುವೆ ಗೆರೆ ಎಳೆಯಿರಿ. ಎಡಕ್ಕೆ ಕಾರವಾರ, ಬಲಕ್ಕೆ ಗೋವಾ. ಎಲ್ಲವನ್ನೂ ವರ್ಷದ ಲೆಕ್ಕಕ್ಕೆ ತಂದು ಬರೆಯಿರಿ.

ಮೊದಲು, ಯಾವ ರಾಜ್ಯಕ್ಕೆ ಹೋದರೂ ಬದಲಾಗದ ಟ್ಯಾಕ್ಸುಗಳನ್ನು ಹೊಡೆದುಹಾಕಿ. ಇನ್‌ಕಮ್ ಟ್ಯಾಕ್ಸ್ ಕೇಂದ್ರದ್ದು. ನೀವು ಕೋಡಿಬಾಗದಲ್ಲಿದ್ದರೂ ಅಷ್ಟೇ, ಮಡಗಾಂವದಲ್ಲಿದ್ದರೂ ಅಷ್ಟೇ. ಅಮೆರಿಕದಲ್ಲಿ ಕೆಲವು ರಾಜ್ಯಗಳಲ್ಲಿ ರಾಜ್ಯದ ಇನ್‌ಕಮ್ ಟ್ಯಾಕ್ಸೇ ಇಲ್ಲ, ಅಲ್ಲಿರೋ ನಮ್ಮ ಹುಡುಗರು ಆ ಲೆಕ್ಕ ಹಾಕಿ ಊರು ಬದಲಿಸೋದುಂಟು. ಅದೇ ಮಾತನ್ನು ಕೇಳಿ ಇಲ್ಲೂ ಹಾಗೇ ಅಂದುಕೊಳ್ಳಬೇಡಿ. ಜಿಎಸ್‌ಟಿ 2017ರ ಜುಲೈ 1ರಿಂದ ಇಡೀ ದೇಶಕ್ಕೆ ಒಂದೇ ದರ, ಹಾಗಾಗಿ ಫ್ರಿಜ್ಜು, ಮೊಬೈಲು ತಗೊಳ್ಳೋಕೆ ಗೋವಾಕ್ಕೆ ಹೋಗೋದರಲ್ಲಿ ಅರ್ಥ ಇಲ್ಲ. ಎಫ್‌ಡಿ ಬಡ್ಡಿ ಮೇಲಿನ ಟ್ಯಾಕ್ಸೂ ಅಷ್ಟೇ. ಸಿರ್ಸಿ, ಯಲ್ಲಾಪುರ ಕಡೆ ತೋಟ ಇದ್ದವರಿಗೆ ಅಡಿಕೆ ಬೆಳೆದು ಬಂದ ಆದಾಯಕ್ಕೆ ಕೇಂದ್ರದ ಇನ್‌ಕಮ್ ಟ್ಯಾಕ್ಸ್ ಇಲ್ಲ, ನೀವು ಎಲ್ಲಿ ವಾಸ ಮಾಡುತ್ತೀರಿ ಅನ್ನೋದು ಅದಕ್ಕೆ ಸಂಬಂಧವೇ ಇಲ್ಲ.

ಇನ್ನು ನಿಜವಾಗಿ ಬದಲಾಗೋದು. ದೊಡ್ಡದು ಗಾಡಿ ಟ್ಯಾಕ್ಸ್. ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್ ದೇಶದಲ್ಲೇ ಜಾಸ್ತಿ ಇರೋ ಸಾಲಿಗೆ ಸೇರಿದ್ದು. ಕಾರಿನ ಬೆಲೆ 5 ಲಕ್ಷದೊಳಗಿದ್ದರೆ ಶೇ. 13, 10 ಲಕ್ಷದ ತನಕ ಶೇ. 14, 20 ಲಕ್ಷದ ತನಕ ಶೇ. 17, ಅದಕ್ಕೂ ಮೇಲೆ ಶೇ. 18. ಇದರ ಮೇಲೆ ಸೆಸ್ ಬೇರೆ. 9 ಲಕ್ಷದ ಕಾರು ಅಂದ್ರೆ ಟ್ಯಾಕ್ಸೇ 1,26,000 ರೂಪಾಯಿ. ಗೋವಾದಲ್ಲಿ ಇದಕ್ಕಿಂತ ಕಡಿಮೆ. ಎಷ್ಟು ಕಡಿಮೆ ಅಂತ ಬಾಯಿಮಾತಿನಲ್ಲಿ ನಂಬಬೇಡಿ, ಅದೇ ಮಾಡೆಲ್ಲಿಗೆ ಕಾರವಾರದ ಶೋರೂಮಿನಿಂದ ಒಂದು, ಮಡಗಾಂವದಿಂದ ಒಂದು ಆನ್‌ರೋಡ್ ಕೊಟೇಶನ್ ಬರೆಸಿಕೊಂಡು ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ 30 ಸಾವಿರ ಬಂತು ಅಂತಿಟ್ಟುಕೊಳ್ಳೋಣ. ಕಾರು ಹತ್ತು ವರ್ಷ ಓಡಿಸುತ್ತೀರಿ. ವರ್ಷಕ್ಕೆ 3 ಸಾವಿರ, ತಿಂಗಳಿಗೆ 250 ರೂಪಾಯಿ. ಮಡಗಾಂವದಲ್ಲಿ ಇಲ್ಲಿನಂಥದ್ದೇ ಎರಡು ರೂಮಿನ ಮನೆಗೆ ಬಾಡಿಗೆ ಎಷ್ಟು ಜಾಸ್ತಿ ಕೇಳುತ್ತಾರೆ ಅಂತ ಒಂದು ಫೋನ್ ಮಾಡಿ ವಿಚಾರಿಸಿ. ಆ 250 ರೂಪಾಯಿ ಎಲ್ಲಿ ಹೋಯಿತು ಅಂತ ಹುಡುಕಬೇಕಾಗುತ್ತದೆ.

ಹಳೇ ಗಾಡಿ ಇದ್ದವರಿಗೆ ಇನ್ನೊಂದು ವಿಷಯ. ಗಾಡಿಯನ್ನು ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ನಂಬರ್ ಮಾಡಿಸಬೇಕು, ಇದು 1988ರ ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. ಕಾರವಾರ ಆರ್‌ಟಿಓದಿಂದ ಎನ್‌ಒಸಿ ತರಬೇಕು. ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರ, ಬಾಕಿ ಫೈನ್ ಇದ್ದರೆ ಅದೂ ಕಟ್ಟಿರಬೇಕು. ಅಲ್ಲಿ ಗಾಡಿಯ ವಯಸ್ಸು ನೋಡಿ ಟ್ಯಾಕ್ಸ್ ಕಟ್ಟಿಸಿಕೊಳ್ಳುತ್ತಾರೆ. ಆಮೇಲೆ ಹೊಸ ಆರ್‌ಸಿ ತೋರಿಸಿ ಇಲ್ಲಿ ಕಟ್ಟಿದ ಟ್ಯಾಕ್ಸಿನಲ್ಲಿ ಉಳಿದ ವರ್ಷಗಳದ್ದನ್ನು ವಾಪಸ್ ಕೇಳಬೇಕು. ಅಂದ್ರೆ ಮೊದಲು ಕೈಯಿಂದ ಹೋಗುತ್ತದೆ, ಬರೋದು ನಂತರ. ಆ ದುಡ್ಡನ್ನು ಬಂದ ಮೇಲೇ ಲೆಕ್ಕಕ್ಕೆ ಹಿಡಿಯಿರಿ.

ಗೋವಾದಲ್ಲಿರೋ ಮಾವನ ಮನೆ ವಿಳಾಸ ಕೊಟ್ಟು ಜಿಎ ನಂಬರ್ ಮಾಡಿಸಿ ಕಾರವಾರದಲ್ಲೇ ಓಡಿಸೋಣ ಅನ್ನೋರೂ ಇದ್ದಾರೆ. ದಯವಿಟ್ಟು ಬೇಡ. ಸಿಕ್ಕಿಬಿದ್ದರೆ ಇಲ್ಲಿನ ಟ್ಯಾಕ್ಸನ್ನು ದಂಡ ಸಮೇತ ಕಟ್ಟಬೇಕು. ಸುಳ್ಳು ವಿಳಾಸ ಕೊಟ್ಟ ತಲೆನೋವು ಬೇರೆ. ಕೇಂದ್ರ, ರಾಜ್ಯ ಸರ್ಕಾರಿ ನೌಕರರು, ಸೇನೆಯವರು, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಆಫೀಸಿರೋ ಕಂಪನಿಯವರು ರಾಜ್ಯ ಬದಲಿಸಿದರೂ ನಡೆಯೋ ಬಿಎಚ್ (ಭಾರತ್) ಸರಣಿಯ ನಂಬರ್ ತಗೊಳ್ಳಬಹುದು, 2021ರಿಂದ ಇದೆ, ಎರಡೆರಡು ವರ್ಷಕ್ಕೆ ಟ್ಯಾಕ್ಸ್ ಕಟ್ಟಿದರೆ ಸಾಕು. ಕೈಗಾ ಅಣುಸ್ಥಾವರದಲ್ಲಿ, ಸೀಬರ್ಡ್ ನೌಕಾನೆಲೆಯಲ್ಲಿ ಕೆಲಸ ಮಾಡೋರು ಇದನ್ನು ಮೊದಲು ನೋಡಿ.

ಪೆಟ್ರೋಲು. 2024ರ ಜೂನ್‌ನಲ್ಲಿ ಕರ್ನಾಟಕ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಏರಿಸಿತು, ಅಂತರ ಹೆಚ್ಚಿದ್ದು ಹಾಗೆ. ಲೀಟರಿಗೆ 6 ರೂಪಾಯಿ ಉಳಿಯುತ್ತದೆ ಅಂದುಕೊಂಡು, ತಿಂಗಳಿಗೆ 30 ಲೀಟರ್ ಹಾಕಿಸೋ ಮನೆಗೆ ಲೆಕ್ಕ ಮಾಡಿದರೆ 180 ರೂಪಾಯಿ. ಇದಕ್ಕಾಗಿ ಮನೆ ಬದಲಿಸೋದು ದೂರದ ಮಾತು, ಪೇಟೆಯಿಂದ ಪೋಳೆಗೆ ಬರೀ ಪೆಟ್ರೋಲಿಗೆ ಅಂತ ಹೋಗಿ ಬರೋದೂ ಲಾಭ ಅಲ್ಲ. ಆ ಕಡೆ ಕೆಲಸ ಇದ್ದಾಗ ತುಂಬಿಸಿಕೊಂಡು ಬನ್ನಿ. ವೃತ್ತಿ ತೆರಿಗೆ, ಅಂದ್ರೆ ಪಗಾರದಲ್ಲಿ ಮುರಿಯೋ ಪಿಟಿ, ಗೋವಾದಲ್ಲಿ ಇಲ್ಲ. ಇಲ್ಲಿ 25 ಸಾವಿರದ ಮೇಲೆ ಪಗಾರ ಇದ್ದರೆ ವರ್ಷಕ್ಕೆ 2,500. ಸಂವಿಧಾನವೇ ಅದಕ್ಕಿಂತ ಜಾಸ್ತಿ ಹಾಕೋಕೆ ಬಿಡುವುದಿಲ್ಲ. ಮದ್ಯದ ಬೆಲೆ ಎಲ್ಲರಿಗೂ ಗೊತ್ತಿದೆ. ಪರವಾನಗಿ ಇಲ್ಲದೆ ಈಚೆ ತಂದರೆ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಕೇಸಾಗುತ್ತದೆ ಅನ್ನೋದೂ ಗೊತ್ತಿದೆ. ಅದನ್ನು ಹಾಳೆಯಲ್ಲಿ ಬರೆಯೋದೇ ಬೇಡ.

ಜಾಗ, ಮನೆ ಕೊಳ್ಳೋ ಯೋಚನೆ ಇದ್ದರೆ, ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ 2 ಆಗಿದೆ ನಿಜ. ಆದರೆ ಗೋವಾದಲ್ಲೂ ಆಸ್ತಿ ಬೆಲೆ ಏರಿದಂತೆ ಸ್ಟ್ಯಾಂಪ್ ಡ್ಯೂಟಿ ಏರುತ್ತದೆ, ನೋಂದಣಿ ಶುಲ್ಕ ಬೇರೆ, ಜೊತೆಗೆ ಜಾಗದ ಬೆಲೆಯೇ ದುಬಾರಿ. ಇಲ್ಲಿ ಉಳಿತಾಯ ಹುಡುಕಬೇಡಿ.

ಈಗ ಬಿಟ್ಟು ಹೋಗೋದರ ಪಟ್ಟಿ. ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುತ್ತಿದ್ದ ಮನೆಗೆ ಗೋವಾದ ಕರೆಂಟ್ ಎಷ್ಟೇ ಅಗ್ಗ ಇದ್ದರೂ ಖರ್ಚೇ. ಮನೆಯೊಡತಿಗೆ ಗೃಹಲಕ್ಷ್ಮಿಯ 2 ಸಾವಿರ ಬರುತ್ತಿದ್ದರೆ ವರ್ಷಕ್ಕೆ 24 ಸಾವಿರ ಆಯಿತು, ಮೇಲಿನ ಗಾಡಿ, ಪೆಟ್ರೋಲು, ಪಿಟಿ ಎಲ್ಲ ಸೇರಿಸಿದರೂ ಅಷ್ಟು ಆಗುವುದಿಲ್ಲ. (ಇನ್‌ಕಮ್ ಟ್ಯಾಕ್ಸ್ ಕಟ್ಟೋ ಮನೆಗೆ ಇದು ಹೇಗೂ ಬರಲ್ಲ, ಅಂಥವರು ಈ ಸಾಲು ಬಿಡಿ.) ಗೋವಾದಲ್ಲೂ ಯೋಜನೆಗಳಿವೆ ಅಲ್ವಾ ಅಂತ ಕೇಳಬಹುದು. ಇವೆ. ಗೃಹ ಆಧಾರದಲ್ಲಿ ಗೃಹಿಣಿಯರಿಗೆ ತಿಂಗಳಿಗೆ 1,500 ಸಿಗುತ್ತದೆ, ಆದರೆ 15 ವರ್ಷ ಗೋವಾದಲ್ಲಿ ವಾಸ ಮಾಡಿರಬೇಕು. ಆರೋಗ್ಯ ವಿಮೆಯ ದೀನ್ ದಯಾಳ್ ಯೋಜನೆಗೆ 5 ವರ್ಷ. ಅಲ್ಲಿನ ಸರ್ಕಾರಿ ನೌಕರಿಗೂ 15 ವರ್ಷದ ವಾಸದ ಸರ್ಟಿಫಿಕೇಟ್ ಕೇಳುತ್ತಾರೆ. ಅಂದ್ರೆ ಹೊರಟ ದಿನ ಇಲ್ಲಿನದು ಹೋಗುತ್ತದೆ, ಅಲ್ಲಿನದು ಬರೋಕೆ ವರ್ಷಗಟ್ಟಲೆ ಕಾಯಬೇಕು. ನಡುವಿನ ಆ ವರ್ಷಗಳು ನಿಮ್ಮ ಹಾಳೆಯಲ್ಲಿ ಇರಲೇಬೇಕು.

ಮಕ್ಕಳಿರೋರು ಇನ್ನೂ ಸ್ವಲ್ಪ ನಿಧಾನ ಮಾಡಿ. ಕರ್ನಾಟಕದ ಸಿಇಟಿಯಲ್ಲಿ ಸರ್ಕಾರಿ ಕೋಟಾದ ಸೀಟು ಬೇಕಾದರೆ ಸಾಮಾನ್ಯವಾಗಿ 1ನೇ ತರಗತಿಯಿಂದ ಪಿಯುಸಿ ತನಕ ಕನಿಷ್ಠ 7 ವರ್ಷ ಇಲ್ಲಿ ಓದಿರಬೇಕು, ಜೊತೆಗೆ ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿ ಇಲ್ಲೇ ಪಾಸಾಗಿರಬೇಕು. ಗ್ರಾಮೀಣ ಕೋಟಾಕ್ಕೆ 1ರಿಂದ 10ರ ತನಕ ಪೂರಾ ಹಳ್ಳಿ ಶಾಲೆಯಲ್ಲೇ ಓದಿರಬೇಕು, ಕನ್ನಡ ಮಾಧ್ಯಮದ ಕೋಟಾಕ್ಕೆ ಅಷ್ಟೂ ವರ್ಷ ಕನ್ನಡದಲ್ಲಿ. ಹಣಕೋಣದ ಶಾಲೆಯಲ್ಲಿ ನಾಲ್ಕನೇ ತರಗತಿ ಓದೋ ಹುಡುಗಿಯನ್ನು ಈಗ ಗೋವಾಕ್ಕೆ ಕರೆದುಕೊಂಡು ಹೋದರೆ ಇವೆಲ್ಲ ಕೈ ತಪ್ಪುತ್ತವೆ. ಹೊರನಾಡು ಕನ್ನಡಿಗರಿಗೆ ಅಂತ ಬೇರೆ ನಿಯಮಗಳಿವೆ, ಆದರೆ ಮನೆಬಾಗಿಲಲ್ಲಿ ಸುಲಭವಾಗಿ ಸಿಗೋ ಅರ್ಹತೆ ಬಿಟ್ಟು ಅದರ ಹಿಂದೆ ಯಾಕೆ ಅಲೆಯಬೇಕು? ಹೋಗಲೇಬೇಕು ಅಂತಿದ್ದರೆ ಹತ್ತನೇ ತರಗತಿ ಇಲ್ಲೇ ಮುಗಿಸಲಿ. ಮೀಸಲಾತಿ ಇರೋ ಕುಟುಂಬಗಳು ಇದನ್ನೂ ನೆನಪಿಡಿ: ಜಾತಿ, ಪಂಗಡದ ಪಟ್ಟಿ ಆಯಾ ರಾಜ್ಯಕ್ಕೆ ಸಂಬಂಧಿಸಿದ್ದು. ಸುಮ್ನೆ ವಲಸೆ ಹೋದ ಮಾತ್ರಕ್ಕೆ ಅಲ್ಲಿ ಸೌಲಭ್ಯ ಸಿಗುವುದಿಲ್ಲ ಅಂತ 1990ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಇಷ್ಟೆಲ್ಲ ಹೇಳಿದರೂ ಒಂದು ಕಾರಣಕ್ಕೆ ಊರು ಬಿಡುತ್ತೇನೆ ಅನ್ನೋರಿಗೆ ನಾನು ಬೇಡ ಅನ್ನಲಾರೆ. ಆಸ್ಪತ್ರೆ. ನಮ್ಮ ಜಿಲ್ಲೆಯವರು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಬೀದಿಗಿಳಿದು ಕೇಳಿದ್ದಾರೆ. 2022ರ ಜುಲೈನಲ್ಲಿ ಹೊನ್ನಾವರದ ಕಡೆಯಿಂದ ರೋಗಿಯನ್ನು ಜಿಲ್ಲೆಯ ಹೊರಗಿನ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಉರುಳಿದ್ದನ್ನು ಯಾರೂ ಮರೆತಿಲ್ಲ. ಹೃದಯದ ಅಥವಾ ನರದ ಕಾಯಿಲೆ ಇರೋ ಹಿರಿಯರು ಮನೆಯಲ್ಲಿದ್ದರೆ, ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹತ್ತಿರ ಇರೋದಕ್ಕೆ ಬೆಲೆ ಕಟ್ಟೋಕೆ ಆಗಲ್ಲ. ಅಲ್ಲೂ 2018ರ ಜನವರಿಯಿಂದ ಹೊರ ರಾಜ್ಯದವರಿಗೆ ಶುಲ್ಕ ಇದೆ, ಮೊದಲಿನ ವರ್ಷಗಳಲ್ಲಿ ನೀವೂ ಅದೇ ಸಾಲಿನಲ್ಲಿರಬಹುದು ಅನ್ನೋದು ಗೊತ್ತಿರಲಿ. ಒಳ್ಳೇ ಪಗಾರದ ಕೆಲಸ ಸಿಕ್ಕಿದ್ದರೆ ಅದೂ ಗಟ್ಟಿ ಕಾರಣವೇ. ವರ್ಷಕ್ಕೆ ಒಂದು ಲಕ್ಷ ಜಾಸ್ತಿ ಬರೋ ನೌಕರಿ ಮುಂದೆ ಈ ಟ್ಯಾಕ್ಸ್ ಲೆಕ್ಕವೆಲ್ಲ ಚಿಲ್ಲರೆ.

ಮೂರನೇ ದಾರಿಯನ್ನು ಜನ ಗಂಭೀರವಾಗಿ ಯೋಚಿಸುವುದೇ ಇಲ್ಲ, ನನಗೆ ಮಾತ್ರ ಬಹಳ ಮನೆಗಳಿಗೆ ಅದೇ ಸರಿ ಅನಿಸುತ್ತದೆ. ಮನೆ ಈ ಕಡೆ, ಕೆಲಸ ಆ ಕಡೆ. ಕಾಳಿ ನದಿಯಾಚೆ ಸದಾಶಿವಗಡ, ಮಾಜಾಳಿ ಭಾಗದಲ್ಲಿದ್ದರೆ ಕಾಣಕೋಣ ದಿನಾ ಓಡಾಡೋ ದೂರ, ಮಡಗಾಂವಕ್ಕೆ ರೈಲೂ ಇದೆ. ಮಕ್ಕಳ ಶಾಲೆ, ರೇಷನ್ ಕಾರ್ಡ್, ಮನೆ ಎಲ್ಲ ಇಲ್ಲೇ ಉಳಿಯುತ್ತದೆ. ಪೆಟ್ರೋಲು ಬರುವ ದಾರಿಯಲ್ಲೇ ಸಿಗುತ್ತದೆ. ಕಾರವಾರ ಪೇಟೆಯಿಂದ ಹೋಗೋದಾದರೆ ಸೇತುವೆಯ ವಿಷಯ ಲೆಕ್ಕಕ್ಕೆ ತಗೊಳ್ಳಿ. 2024ರ ಆಗಸ್ಟಿನಲ್ಲಿ ಹಳೇ ಕಾಳಿ ಸೇತುವೆ ಕುಸಿದಾಗ ಎರಡೂ ಕಡೆಯ ಗಾಡಿಗಳು ಹೊಸ ಸೇತುವೆಯೊಂದನ್ನೇ ನಂಬಬೇಕಾಯಿತು. ಮಳೆಗಾಲದಲ್ಲಿ ದಿನಾ ಬೈಕಿನಲ್ಲಿ ಓಡಾಡೋಕೆ ಆಗುತ್ತದಾ ಅಂತ ಜೂನ್, ಜುಲೈ ಎರಡು ತಿಂಗಳು ಓಡಾಡಿಯೇ ತೀರ್ಮಾನಿಸಿ.

ಕೊನೆಗೂ ಹೋಗೋದೇ ಅಂತಾದರೆ ಒಂದು ವರ್ಷ ಬಾಡಿಗೆಗೆ ಇದ್ದು ನೋಡಿ, ಇಲ್ಲಿನ ಮನೆ ಮಾರಬೇಡಿ. ತೋಟವನ್ನಂತೂ ಮುಟ್ಟಲೇಬೇಡಿ, ತೋಟ ಕೊಟ್ಟರೆ ಅದಕ್ಕೆ ಅಂಟಿದ ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರೋ ಕಾಡಿನ) ಹಕ್ಕೂ ಅದರ ಜೊತೆಗೇ ಹೋಗುತ್ತದೆ. ಮನೆ ಮಾರಿದರೆ ಬಂದ ಲಾಭಕ್ಕೆ ಕೇಂದ್ರದ ಟ್ಯಾಕ್ಸ್ ಇದೆ, ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಂಡರೆ ಅಥವಾ ಮೂರು ವರ್ಷದೊಳಗೆ ಕಟ್ಟಿಸಿದರೆ ವಿನಾಯಿತಿ ಸಿಗುತ್ತದೆ, ಆದ್ದರಿಂದ ಮಾರೋಕೆ ಮೊದಲೇ ಒಬ್ಬ ಸಿಎ ಹತ್ತಿರ ಕೂತು ಮಾತಾಡಿ. ಗೋವಾದ ಮೊದಲ ಬಾಡಿಗೆ ಕರಾರು, ಮೊದಲ ಕರೆಂಟ್ ಬಿಲ್, ಮಕ್ಕಳ ಶಾಲೆಯ ದಾಖಲಾತಿ ಚೀಟಿ, ಇವನ್ನೆಲ್ಲ ಒಂದು ಫೈಲಿನಲ್ಲಿ ಹಾಕಿ ಜೋಪಾನವಾಗಿಡಿ. ಮುಂದೆ 5 ವರ್ಷ, 15 ವರ್ಷದ ವಾಸ ತೋರಿಸು ಅಂತ ಕೇಳಿದಾಗ ಆ ಕಾಗದಗಳೇ ಬೇಕಾಗುತ್ತವೆ.