ಅಜ್ಜಿ ಮಾತಾಡಿದ್ದು ಅಡಿಕೆ ಸುಲಿಯುವಾಗ

ಅಜ್ಜಿಯ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ ಜನವರಿ 1 ಅಂತಿದೆ. ಅದು ಕಾರ್ಡು ಮಾಡಿಸುವಾಗ ಬರೆದುಕೊಂಡ ದಿನ. ಅವಳಿಗೆ ಗೊತ್ತಿದ್ದದ್ದು ಇಷ್ಟೇ: ತಾನು ಹುಟ್ಟಿದ್ದು ಭತ್ತದ ಕೊಯ್ಲಿನ ಹೊತ್ತಿಗೆ, ಅವತ್ತು ಅವಳ ಅವ್ವ ಗದ್ದೆಯಿಂದ ನಡೆದುಕೊಂಡೇ ಮನೆಗೆ ಬಂದಿದ್ದಳು.

ಅವಳ ಬದುಕನ್ನು ಬರೆದಿಡಬೇಕು ಅನ್ನಿಸಿದ್ದು ನೆಂಟರ ಮನೆಯೊಂದರಲ್ಲಿ. ತೀರಿಕೊಂಡಿದ್ದ ಹಿರಿಯಮ್ಮನ ಬಗ್ಗೆ ಬಂದವರೆಲ್ಲ ಮಾತಾಡಿದರು. ಎಲ್ಲರೂ ಹೇಳಿದ್ದು ಕೊನೆಯ ಎರಡು ವರ್ಷದ ಕಾಯಿಲೆ, ಔಷಧಿ, ನರಳಾಟ. ಎಂಬತ್ತು ದಾಟಿ ಬದುಕಿದವಳಲ್ಲಿ ಉಳಿದದ್ದು ಅಷ್ಟೇನಾ? ನಾಳೆ ನಮ್ಮ ಅಜ್ಜಿಯೂ ಬರೀ ಕಿವಿ ಮಂದವಾದ ಮುದುಕಿಯಾಗಿ ಉಳಿದುಬಿಡುತ್ತಾಳಲ್ಲ ಅಂತ ಸಂಕಟವಾಯಿತು.

ಮೊದಲ ಸಲ ಪುಸ್ತಕ, ಪೆನ್ನು ಹಿಡಿದು ಎದುರಿಗೆ ಕೂತೆ. "ಮದುವೆ ಆಗಿದ್ದು ಯಾವ ಇಸವಿ ಅಜ್ಜಿ?" ಅಂದೆ. "ಎಂತ ಇಸವಿಯೋ, ಯಾರಿಗೆ ಗೊತ್ತು" ಅಂದಳು. ಅಷ್ಟರಲ್ಲಿ ಚಿಕ್ಕಪ್ಪ ಬಂದು ಕೂತು ಅವಳ ಪರವಾಗಿ ತಾನೇ ಉತ್ತರ ಹೇಳತೊಡಗಿದ. ಅಜ್ಜಿ ಸುಮ್ಮನೆ ಸೆರಗು ಸರಿಮಾಡಿಕೊಳ್ಳುತ್ತಾ ಕೂತಳು. ಎರಡು ಭಾನುವಾರ ಹೀಗೇ ಹೋಯಿತು.

ದಾರಿ ತೋರಿಸಿದ್ದು ಅಡಿಕೆ. ಸುಗ್ಗಿಯಲ್ಲಿ ರಾತ್ರಿ ಹೊತ್ತು ಎಲ್ಲರೂ ಮೆಟ್ಟುಗತ್ತಿ ಇಟ್ಟುಕೊಂಡು ಸುಲಿಯಲು ಕೂರುತ್ತೇವೆ. ಅಜ್ಜಿಗೆ ಕಣ್ಣು ಮಂಜಾಗಿದ್ದರಿಂದ ಕತ್ತಿ ಕೊಡುತ್ತಿರಲಿಲ್ಲ, ಸುಲಿದದ್ದನ್ನು ಆರಿಸುವ ಕೆಲಸ ಅವಳದು. ಕೈಗೆ ಕೆಲಸ ಬಿದ್ದದ್ದೇ ತಡ, ಕೇಳದೆಯೇ ಮಾತು ಶುರುವಾಯಿತು. ಯಾರೂ ಅವಳ ಮುಖ ನೋಡುತ್ತಿರಲಿಲ್ಲ. ಅದೂ ಅವಳಿಗೆ ಹಗುರವಾಗಿರಬೇಕು. ಅವಳಿಗೆ ಹೇಳಿ, ಒಪ್ಪಿಸಿ, ಫೋನನ್ನು ಮಡಿಸಿದ ಟವೆಲ್ ಮೇಲೆ ಇಟ್ಟು ರೆಕಾರ್ಡಿಂಗ್ ಹಾಕಿದೆ. ಫೋನನ್ನು ನೆಲದ ಮೇಲೆ ಇಟ್ಟರೆ ಅಡಿಕೆ ಬೀಳುವ ಸದ್ದೇ ಜಾಸ್ತಿ ಕೇಳುತ್ತದೆ. ಫ್ಯಾನ್ ನಿಲ್ಲಿಸಬೇಕು, ಏರೋಪ್ಲೇನ್ ಮೋಡ್ ಹಾಕಬೇಕು. ಅರ್ಧ ಗಂಟೆ ಸಾಕು, ಆಮೇಲೆ ಅವಳಿಗೆ ದಣಿವು. ಇನ್ನೊಂದು ಮಾತು: ಅವತ್ತಿನ ಫೈಲನ್ನು ಅವತ್ತೇ ಎರಡು ಕಡೆ ಕಾಪಿ ಮಾಡಿ. ಫೋನು ಕೆಟ್ಟು ನನ್ನ ಮೂರು ರಾತ್ರಿಯ ಮಾತು ಅಳಿಸಿಹೋಯಿತು. ಅದರಲ್ಲಿ ಅವಳು ಹಾಡಿದ ಒಂದು ಬೀಸುವ ಪದ ಇತ್ತು. ಮತ್ತೆ ಕೇಳಿದಾಗ ಅವಳಿಗೆ ಎರಡೇ ಸಾಲು ನೆನಪಾಯಿತು.

ಇಸವಿ ಕೇಳುವುದನ್ನು ಬಿಟ್ಟುಬಿಟ್ಟೆ. ಬದಲಿಗೆ "ಆಗ ಊರಲ್ಲಿ ಏನು ನಡೀತಿತ್ತು?" ಅಂತ ಕೇಳತೊಡಗಿದೆ. ಅವಳ ತವರು ಕಾಗೋಡಿನ ಹತ್ತಿರ. "ಕಾಗೋಡು ಗಲಾಟೆ ಹೊತ್ತಿಗೆ ನಾನು ಬಾಣಂತನಕ್ಕೆ ಬಂದಿದ್ದೆ, ಗಂಡಸರೆಲ್ಲ ಜೈಲಿಗೆ ಹೋಗ್ತಿದ್ರು" ಅಂದಳು. ಅಂದರೆ 1951. ಗೇಣಿದಾರರು ಗೇಣಿ ಭತ್ತ ಅಳೆಯುವ ಕೊಳಗದ ಅಳತೆಗಾಗಿ, ಉಳುವ ಹಕ್ಕಿಗಾಗಿ ಎದ್ದು ನಿಂತ ವರ್ಷ. ಆ ಬಾಣಂತನದ ಮಗು ನಮ್ಮ ದೊಡ್ಡಪ್ಪ. ಅವನ ಶಾಲೆ ದಾಖಲೆಯಲ್ಲಿ ಹುಟ್ಟಿದ ವರ್ಷ 1953 ಅಂತಿದೆ. ಇಷ್ಟು ವರ್ಷ ನಾವು ಅದನ್ನೇ ನಂಬಿದ್ದೆವು. ನನ್ನ ಅತ್ತೆ ಹುಟ್ಟಿದ್ದು "ಆಣೆ ಹೋಗಿ ಹೊಸ ಪೈಸೆ ಬಂದಾಗ", ಅಂದರೆ 1957. ಇಂಥ ನಾಲ್ಕೈದು ಗೂಟ ನೆಟ್ಟ ಮೇಲೆ ಉಳಿದದ್ದು ತಾನಾಗಿ ಜಾಗಕ್ಕೆ ಕೂತಿತು.

ಅವಳ ಬದುಕು ಎರಡಾಗಿ ಸೀಳಿದ್ದು ಲಿಂಗನಮಕ್ಕಿಯಲ್ಲಿ. 1964ರಲ್ಲಿ ಅಣೆಕಟ್ಟು ಮುಗಿಯಿತು, ಶರಾವತಿ ಕಣಿವೆಯ ಊರುಗಳ ಜೊತೆ ಅವಳು ಮದುವೆಯಾಗಿ ಬಂದ ಮನೆಯೂ ನೀರಿಗೆ ಹೋಯಿತು. ಆಗ ಅವಳಿಗೆ ಮೂವತ್ತರ ಆಸುಪಾಸು, ನಾಲ್ಕು ಮಕ್ಕಳು. ಮುಳುಗಡೆಯ ಹಲವು ಕುಟುಂಬಗಳಿಗೆ ಇವತ್ತಿಗೂ ಭೂಮಿಯ ಹಕ್ಕುಪತ್ರ ಸರಿಯಾಗಿ ಸಿಕ್ಕಿಲ್ಲ. ಮನೆಯ ಗಂಡಸರು ಆ ಕಥೆ ಹೇಳಿದರೆ ಅದು ಪರಿಹಾರ, ಸರ್ವೆ ನಂಬರು, ಕಚೇರಿ ಅಲೆದಾಟದ ಕಥೆ. ಅಜ್ಜಿ ಹೇಳಿದ್ದು ಗೋಡೆಯ ಕಥೆ.

ನಮ್ಮ ದೀವರ ಮನೆಗಳಲ್ಲಿ ಮದುವೆಗೆ ಹಸೆ ಗೋಡೆಯ ಮೇಲೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ ಎಳೆ, ಹುರಿದು ಕಪ್ಪು ಮಾಡಿದ ಅಕ್ಕಿಯ ಬಣ್ಣ, ಪುಂಡಿ ನಾರಿನ ಕುಂಚ. ಮೈದುನನ ಮದುವೆಗೆ ಅಜ್ಜಿ ನಾಲ್ಕು ದಿನ ಕೂತು ಬರೆದ ಚಿತ್ತಾರ ಆ ಮನೆಯಲ್ಲಿತ್ತು. ಲಾರಿಗೆ ಸಾಮಾನು ಹೇರಿದರು. ಹಂಚು ಇಳಿಸಿದರು, ಬಾಗಿಲು, ಕಿಟಕಿ ಕಿತ್ತುಕೊಂಡರು, ಒರಳು ಹೊತ್ತರು. "ಗೋಡೆ ಹೊತ್ಕಂಡು ಬರಾಕಾಗ್ತದಾ?" ಅಂದಳು. ಕೈಯಲ್ಲಿದ್ದ ಅಡಿಕೆ ಕೆಳಗಿಟ್ಟು ಸ್ವಲ್ಪ ಹೊತ್ತು ಏನೂ ಆರಿಸಲಿಲ್ಲ. ಆ ರಾತ್ರಿ ನಾನು ಮುಂದೆ ಏನೂ ಕೇಳಲಿಲ್ಲ.

ಮಾರನೇ ವಾರ ಕೆಮ್ಮಣ್ಣು ಬಳಿದ ಹಲಗೆಯೊಂದನ್ನು ಅವಳ ಮುಂದಿಟ್ಟೆ. ಕೈ ನಡುಗುತ್ತದೆ, ಆಗುವುದಿಲ್ಲ ಅಂದಳು. ಆಮೇಲೆ ಕುಂಚ ಅದ್ದಿದಳು. ಎಳೆ ಸೊಟ್ಟಗಾದವು, ಆದರೆ ಯಾವ ಎಳೆ ಆದ ಮೇಲೆ ಯಾವುದು ಅನ್ನುವುದರಲ್ಲಿ ಕೈ ಒಮ್ಮೆಯೂ ತಪ್ಪಲಿಲ್ಲ. ಬರೆಯುತ್ತಾ ಬರೆಯುತ್ತಾ, ಆ ಮನೆಯಲ್ಲಿ ಯಾವ ಕೋಣೆ ಎಲ್ಲಿತ್ತು, ಬಾಣಂತಿ ಕೋಣೆಯ ಕಿಟಕಿಯಿಂದ ಏನು ಕಾಣುತ್ತಿತ್ತು, ಭೂಮಿ ಹುಣ್ಣಿಮೆಯ ಹಿಂದಿನ ರಾತ್ರಿ ಎಷ್ಟು ಬಗೆಯ ಸೊಪ್ಪು ಬೇಯಿಸುತ್ತಿದ್ದರು, ಎಲ್ಲ ಹೇಳಿದಳು. ಅದು ನನ್ನ ಹತ್ತಿರ ಇರುವ ಅತಿ ಉದ್ದದ ರೆಕಾರ್ಡಿಂಗ್, ಒಂದೂವರೆ ಗಂಟೆ. ಅವತ್ತು ದಣಿವು ಅನ್ನಲೇ ಇಲ್ಲ.

ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಜೀಪು ಮಾಡಿಕೊಂಡು ಅವಳನ್ನು ದಡಕ್ಕೆ ಕರೆದುಕೊಂಡು ಹೋದೆವು. ಹೊಳೆಬಾಗಿಲಿನಲ್ಲಿ ಲಾಂಚ್ ದಾಟಿ ಹೋಗಬೇಕಿತ್ತು. ಸಿಗಂದೂರಿನ ಸೇತುವೆ ಓಡಾಟಕ್ಕೆ ತೆರೆದದ್ದು 2025ರ ಜುಲೈನಲ್ಲಿ, ಅವಳು ತೀರಿಕೊಂಡ ಮೇಲೆ. ಒಣಗಿ ಬಿರಿದ ಮಣ್ಣು, ಮರದ ಬೊಡ್ಡೆಗಳು, ಎಲ್ಲೋ ಒಂದು ಕಲ್ಲಿನ ಕಟ್ಟೆ. ನಮಗೆ ಎಲ್ಲವೂ ಒಂದೇ ಥರ ಕಂಡಿತು. ಅಜ್ಜಿ ಕೋಲೆತ್ತಿ ತೋರಿಸಿ "ಅದು ಬಾವಿ. ಅದರ ಬಲಕ್ಕೆ ನಮ್ಮ ಕೊಟ್ಟಿಗೆ" ಅಂದಳು. ಸೆರಗಿನ ತುದಿಯಲ್ಲಿ ಒಂದು ಹಿಡಿ ಮಣ್ಣು ಕಟ್ಟಿಕೊಂಡಳು. ಮನೆಗೆ ಬಂದು ತುಳಸಿ ಕಟ್ಟೆಗೆ ಹಾಕಿದಳು.

ಒಂದು ವಿಷಯ ನಾನು ಬರೆದಿಲ್ಲ. ಚಿಕ್ಕಂದಿನಲ್ಲೇ ಹೋದ ಒಂದು ಮಗುವಿನ ಬಗ್ಗೆ ಅವಳು ಹೇಳಿ, "ಇದು ಬರೀಬ್ಯಾಡ ಮಗಾ" ಅಂದಳು. ರೆಕಾರ್ಡಿಂಗ್ ನಿಲ್ಲಿಸಿದೆ, ಅದುವರೆಗಿನದನ್ನೂ ಅವಳ ಎದುರೇ ಅಳಿಸಿದೆ. ಹಾಗೆ ಮಾಡಿದ್ದು ಸರಿ ಅಂತಲೇ ಈಗಲೂ ನನ್ನ ನಂಬಿಕೆ.

ಕೇಳಿ ಬರೆಯುವುದು ನಿಧಾನದ ಕೆಲಸ. ಅರ್ಧ ಗಂಟೆಯ ಮಾತಿಗೆ ನನಗೆ ಮೂರು ರಾತ್ರಿ ಬೇಕಾಯಿತು. ಮೊದಲು ಅವಳ ಮಾತನ್ನು ಶಾಲೆಯ ಕನ್ನಡಕ್ಕೆ ತಿದ್ದಿ ಬರೆದೆ. ಅಮ್ಮನಿಗೆ ಓದಿ ಹೇಳಿದರೆ "ಇದು ಅತ್ತೆ ಮಾತಾಡಿದ ಹಾಗಿಲ್ಲ" ಅಂದರು. ತಿದ್ದಿದ್ದನ್ನೆಲ್ಲ ತೆಗೆದು ಅವಳು ಹೇಳಿದ ಹಾಗೇ ಮತ್ತೆ ಬರೆದೆ.

ಅಜ್ಜಿ 2023ರ ಮಳೆಗಾಲದಲ್ಲಿ ಹೋದಳು. ವರ್ಷಾಂತಿಕಕ್ಕೆ ಅರವತ್ತು ಪುಟದ ಪುಸ್ತಕ ಮಾಡಿಸಿದೆ. ಸಾಗರದ ಡಿಟಿಪಿ ಅಂಗಡಿಯಲ್ಲಿ ಟೈಪು, ಜೆರಾಕ್ಸ್, ಸ್ಪೈರಲ್ ಬೈಂಡಿಂಗ್, ಒಟ್ಟು ನಲವತ್ತು ಪ್ರತಿ. ಮುಖಪುಟಕ್ಕೆ ಆ ಹಲಗೆಯ ಫೋಟೋ. ಪುಸ್ತಕದ ಕೊನೆಯಲ್ಲಿ ಎಂಟು ಹಾಳೆ ಖಾಲಿ ಬಿಟ್ಟು, ನಿಮಗೆ ನೆನಪಾದದ್ದು ಬರೆದು ನನಗೆ ತೋರಿಸಿ ಅಂತ ಹೇಳಿ ಕೊಟ್ಟೆ. ಇದುವರೆಗೆ ಹನ್ನೊಂದು ಪ್ರತಿ ಬರೆದುಕೊಂಡು ವಾಪಸ್ ಬಂದಿವೆ. ಅತ್ತೆಯದು ಹೋದ ತಿಂಗಳು ಬಂತು. ಎಂಟೂ ಹಾಳೆ ತುಂಬಿತ್ತು. ಅದಲ್ಲದೆ ಹದಿನೇಳನೇ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದರು: "ಮುಳುಗಡೆ ಮನೆಯಿಂದ ಹೊಡೆದುಕೊಂಡು ಬಂದ ಹಸು ಗೌರಿ ಅಲ್ಲ, ಕೆಂಪಿ. ದಾರಿಯಲ್ಲಿ ಎರಡು ಸಲ ಹಿಂದಕ್ಕೆ ಓಡಿತ್ತು. ಅವ್ವನೇ ಹೋಗಿ ಕರೆದುಕೊಂಡು ಬಂದದ್ದು."