ಸೊಪ್ಪು ಕಡಿದ ಬಾಂಜ್ ಮರದ ತೂಕ ಎಷ್ಟು?

ನಾನು ಉತ್ತರಾಖಂಡದ ನೈನಿತಾಲ್ ಸುತ್ತಿನ ಗುಡ್ಡಗಳಲ್ಲಿ ಎರಡು ಬಗೆಯ ಕಾಡುಗಳನ್ನು ಅಳೆದಿದ್ದೇನೆ. ಕೆಳಗಿನ ಬಿಸಿಲ ಇಳಿಜಾರುಗಳಲ್ಲಿ ಚೀರ್ ಪೈನ್. ಮೇಲೆ, ಸುಮಾರು 1,800 ಮೀಟರ್ ಎತ್ತರದ ತಂಪು ಮಗ್ಗುಲುಗಳಲ್ಲಿ ಬಾಂಜ್ ಓಕ್. ಎಣಿಸಲು ನೆಲದಲ್ಲಿ ಚೌಕಗಳನ್ನು ಗುರುತಿಸಿದೆ: ಮರಗಳಿಗೆ 10 ಮೀಟರ್ ಬದಿಯ ಚೌಕ, ಪೊದೆಗಳಿಗೆ 5 ಮೀಟರ್, ಹುಲ್ಲು ಮತ್ತು ಸಣ್ಣ ಗಿಡಗಳಿಗೆ 1 ಮೀಟರ್. ಇಳಿಜಾರಿನಲ್ಲಿ ಟೇಪನ್ನು ನೆಲಕ್ಕೆ ಹಾಸಿ ಅಳೆದರೆ ಚೌಕ ಕಿರಿದಾಗುತ್ತದೆ. 30 ಡಿಗ್ರಿ ಇಳಿಜಾರಿನಲ್ಲಿ 10 ಮೀಟರ್ ಸಮತಲ ದೂರಕ್ಕೆ ನೆಲದ ಮೇಲೆ 11.55 ಮೀಟರ್ ಹಿಡಿಯಬೇಕು. ಕಾಂಡದ ಸುತ್ತಳತೆಯನ್ನು ಮರಕ್ಕಿಂತ ಇಳಿಜಾರಿನ ಮೇಲ್ಬದಿಯಲ್ಲಿ ನಿಂತು, 1.37 ಮೀಟರ್ ಎತ್ತರದಲ್ಲಿ ತೆಗೆದುಕೊಂಡೆ.

ಬಾಂಜ್ ಕಾಡಿನಲ್ಲಿ ಬುರಾಂಶ್, ಕಾಫಲ್, ಅಯಾರ್ ಎಂಬ ಮರಗಳು ಜೊತೆಜೊತೆಯಾಗಿ ಸಿಕ್ಕವು; ಕಾಂಡದ ತುಂಬ ಪಾಚಿ, ಜರೀಗಿಡ. ಚೀರ್ ಕಾಡಿನಲ್ಲಿ ಮರವೆಂದರೆ ಬಹುಪಾಲು ಚೀರ್ ಒಂದೇ. ಬೇಸಿಗೆಯಲ್ಲಿ ಅದರ ಕೆಳಗೆ ನಿಂತರೆ ಪಿರೂಲ್ ಎಂದು ಅಲ್ಲಿಯವರು ಕರೆಯುವ ಒಣ ಸೂಜಿಯೆಲೆಗಳ ಹಾಸು ಬಿಟ್ಟು ಬೇರೇನೂ ಕಾಣದು. ಅದನ್ನೇ ನೋಡಿ ಈ ಕಾಡು ಬರಡು ಎಂದು ಬರೆಯುವುದು ಅನ್ಯಾಯ. ಬೆಳಕು ನೆಲಕ್ಕಿಳಿಯುವ ಈ ಕಾಡಿನಲ್ಲಿ ಮಳೆ ಬಿದ್ದ ಮೇಲೆ ಹುಲ್ಲು, ಸಣ್ಣ ಗಿಡಗಳು ಎದ್ದು ಬರುತ್ತವೆ. ಆದ್ದರಿಂದ 1 ಮೀಟರ್ ಚೌಕಗಳನ್ನು ಆಗಸ್ಟ್, ಸೆಪ್ಟೆಂಬರ್‌ನಲ್ಲೇ ಎಣಿಸಿದೆ.

ನನ್ನನ್ನು ಹೆಚ್ಚು ಕಾಡಿದ್ದು ಜೀವರಾಶಿಯ ಲೆಕ್ಕ, ಅಂದರೆ ಗಿಡಮರಗಳ ಒಣ ತೂಕ. ಮರವನ್ನು ಕಡಿದು ತೂಗಲಾಗದು; ಸುತ್ತಳತೆಯನ್ನು ಸೂತ್ರಕ್ಕೆ ಹಾಕಿ ತೂಕ ಅಂದಾಜಿಸುತ್ತೇವೆ. ಆ ಸೂತ್ರ ಕೊಂಬೆಗಳೆಲ್ಲ ಇರುವ ಮರವನ್ನೇ ಮನಸ್ಸಿನಲ್ಲಿಟ್ಟುಕೊಂಡಿರುತ್ತದೆ. ಊರಿನ ಬಳಿಯ ಬಾಂಜ್ ಹಾಗಿರುವುದಿಲ್ಲ. ಚಳಿಗಾಲದಲ್ಲಿ ಹಸುರು ಮೇವು ಸಿಗದಾಗ ಹೆಂಗಸರು ಮರ ಹತ್ತಿ ಅದರ ಸೊಪ್ಪು ಕಡಿಯುತ್ತಾರೆ. ಉತ್ತರ ಕನ್ನಡದ ಸೊಪ್ಪಿನಬೆಟ್ಟದಲ್ಲಿ ಸವರಿದ ಮರಗಳಂತೆಯೇ, ಕಾಂಡ ದಪ್ಪ, ನೆತ್ತಿ ಮೋಟು. ಸುತ್ತಳತೆ ತುಂಬು ಮರದ ತೂಕ ಹೇಳುತ್ತದೆ, ಕೊಂಬೆ ಮಾತ್ರ ಅಲ್ಲಿಲ್ಲ. ಚೀರ್‌ನ ತೊಂದರೆ ಬೇರೆ: ರಾಳಕ್ಕಾಗಿ ಕೆತ್ತಿದ ಗಾಯಕ್ಕೆ ಬೆಂಕಿ ತಗುಲಿ ಬುಡದ ಒಂದು ಪಾಲು ಸುಟ್ಟುಹೋಗಿರುತ್ತದೆ.

ಹಾಗಾಗಿ ಅಳತೆಯ ಪಟ್ಟಿಯಲ್ಲಿ ಪ್ರತಿ ಮರಕ್ಕೂ ಎರಡು ಅಂಕಣ ಹೆಚ್ಚಿಗೆ ಸೇರಿಸಿದೆ: ನೆತ್ತಿ ಎಷ್ಟು ಪಾಲು ಉಳಿದಿದೆ, ಬುಡದಲ್ಲಿ ಗಾಯ ಎಷ್ಟಿದೆ. ಕಾಂಡದ ತೂಕವನ್ನೂ ಕೊಂಬೆ, ಎಲೆಗಳ ತೂಕವನ್ನೂ ಬೇರೆಬೇರೆ ಸೂತ್ರದಿಂದ ತೆಗೆದು, ಎರಡನೆಯದನ್ನು ಉಳಿದ ನೆತ್ತಿಯ ಪಾಲಿಗೆ ತಕ್ಕಂತೆ ಇಳಿಸಿದೆ. ಇಂಗಾಲದ ಲೆಕ್ಕಕ್ಕೆ ಒಣ ತೂಕವನ್ನು 0.47ರಿಂದ ಗುಣಿಸುವ ರೂಢಿಯಿದೆ; ಆ ಗುಣಾಕಾರಕ್ಕೆ ಇಳಿಸಿದ ತೂಕವನ್ನೇ ಕೊಡಬೇಕು. ವರದಿಯಲ್ಲಿ ಊರಿನ ಬಳಿಯ ಚೌಕಗಳನ್ನೂ ಕಾಡಿನೊಳಗಿನ ಚೌಕಗಳನ್ನೂ ಒಂದೇ ಸರಾಸರಿಯಲ್ಲಿ ಕಲಸದೆ ಪ್ರತ್ಯೇಕ ಕೋಷ್ಟಕಗಳಲ್ಲಿ ಕೊಟ್ಟೆ.