ಸ್ಟಾರ್ಟರ್ ಬೋರ್ಡಿನ ಬೂಟ್ ಮೆಸೇಜು: ತೆಗೆಯದೆ ಬಿಟ್ಟಿದ್ದಕ್ಕೆ ಸಿಕ್ಕ ಲಾಭ

"ಡೆವಲಪ್‌ಮೆಂಟ್ ಮುಗೀತಲ್ಲ, ಪ್ರಿಂಟ್‌ಎಫ್ ಎಲ್ಲಾ ಕಿತ್ತು ಹಾಕ್ರಿ. ಹೊಲದಾಗ ಯಾರ್ ನೋಡ್ತಾರ್ರೀ ಅದನ್ನ?" ಬೋರ್‌ವೆಲ್ ಮೋಟರಿನ ಆಟೋ ಸ್ಟಾರ್ಟರ್ ಬೋರ್ಡು ಮಾಡುವವರು ನನಗೆ ಹೇಳುತ್ತಿದ್ದದ್ದು ಇಷ್ಟೇ. ನಾನು ಕೀಳಲಿಲ್ಲ. ಕುಷ್ಟಗಿ, ಯಲಬುರ್ಗಾ, ಸಿಂಧನೂರು ಕಡೆ ಹೋಗಿರುವ ನನ್ನ ಬೋರ್ಡುಗಳಲ್ಲಿ ಬೂಟ್ ಮೆಸೇಜು, ಅಂದರೆ ಬೋರ್ಡು ಶುರುವಾಗುವಾಗ ಯಾವ ಹಂತ ಸರಿಯಾಯಿತು ಎಂದು ಸೀರಿಯಲ್ ವೈರಿನಲ್ಲಿ ಕಳಿಸುವ ಸಾಲುಗಳು, ಹಾಗೇ ಇವೆ, ಅದೂ ಕನ್ನಡದಲ್ಲಿ. ಈಗ ಸುಮಾರು ಅರ್ಧ ದೂರು ಫೋನಿನಲ್ಲೇ ಬಗೆಹರಿಯುತ್ತಿವೆ. ಒಂದು ಸಲ ಹೋಗಿಬಂದರೆ ಪೆಟ್ರೋಲು, ಊಟ, ಕೂಲಿ ಸೇರಿ ಏಳೆಂಟು ನೂರು ರೂಪಾಯಿ ಖರ್ಚು. ಆ ಸಾಲುಗಳನ್ನು ಫೋನಿನಲ್ಲಿ ಓದಲು ಬೇಕಾದ ಓಟಿಜಿ ಕೇಬಲ್ಲು, ಸಿಎಚ್340 ಯುಎಸ್‌ಬಿ-ಸೀರಿಯಲ್ ಅಡಾಪ್ಟರು ಎರಡೂ ಸೇರಿ ಇನ್ನೂರು ದಾಟುವುದಿಲ್ಲ. ವೈಂಡಿಂಗ್ ಅಂಗಡಿಯವರಿಗೆ ಒಂದೊಂದು ಸೆಟ್ ಪುಕ್ಕಟೆ ಕೊಟ್ಟಿದ್ದೇನೆ.

ಚಿಪ್ಪು ಎಸ್‌ಟಿಎಂ32ಎಫ್103, 64 ಕೆಬಿ ಫ್ಲ್ಯಾಶ್. ಯುಆರ್ಟ್ (ಚಿಪ್ಪಿನ ಸೀರಿಯಲ್ ಪೋರ್ಟು) ಶುರು ಮಾಡುವುದು ನಿಮಗೆಲ್ಲ ಗೊತ್ತು, ಅದನ್ನು ಬಿಡುತ್ತೇನೆ. ಕೈಕೊಡುವುದು ಮೆಸೇಜಿನ ಹೊತ್ತು. ರೀಸೆಟ್ ಆದಾಗ ಚಿಪ್ಪು ಓಡುವುದು ಒಳಗಿನ 8 ಮೆಗಾಹರ್ಟ್ಜ್ ಆಸಿಲೇಟರ್ ಮೇಲೆ. ಕ್ಲಾಕ್ ಏರಿಸಿದ ಮೇಲಿನ 72 ಮೆಗಾಹರ್ಟ್ಜ್‌ಗೆ ಲೆಕ್ಕ ಹಾಕಿದ 625 ಅನ್ನು ಸೀರಿಯಲ್ ವೇಗ ನಿಗದಿಮಾಡುವ ಬಿಆರ್‌ಆರ್ ರಿಜಿಸ್ಟರಿಗೆ ಮೊದಲೇ ಬರೆದಿಟ್ಟರೆ ಸೆಕೆಂಡಿಗೆ 115200 ಬಿಟ್‌ನ ಬದಲು 12800ರಲ್ಲಿ ಅಕ್ಷರ ಹೊರಬರುತ್ತವೆ, ಪರದೆ ತುಂಬ ಕಸ. ಅದಕ್ಕೆ ಹೆದರಿ ಎಲ್ಲರೂ ಕ್ಲಾಕ್ ಏರಿಸಿದ ಮೇಲೆಯೇ ಮೊದಲ ಸಾಲು ಕಳಿಸುತ್ತಾರೆ. ಆದರೆ ಕ್ರಿಸ್ಟಲ್ಲೇ ಸತ್ತಿದ್ದರೆ ಕೋಡು ಎಚ್‌ಎಸ್‌ಇ (ಹೊರಗಿನ ಕ್ರಿಸ್ಟಲ್ ಕ್ಲಾಕ್) ರೆಡಿಗಾಗಿ ಕಾಯುತ್ತಾ ಅಲ್ಲೇ ನಿಲ್ಲುತ್ತದೆ, ಕನ್ಸೋಲಿನಲ್ಲಿ ಒಂದು ಅಕ್ಷರವೂ ಇಲ್ಲ. ಹಾಗಾಗಿ ನಾನು ಬಿಆರ್‌ಆರ್‌ಗೆ 69 ಕೊಟ್ಟು "1 ಕ್ಲಾಕ್:" ಎಂದು 8 ಮೆಗಾಹರ್ಟ್ಜ್‌ನಲ್ಲೇ ಕಳಿಸಿ, ಟಿಸಿ ಬಿಟ್ (ಎಲ್ಲಾ ಹೊರಹೋಯಿತು ಎನ್ನುವ ಗುರುತು) ಏಳುವವರೆಗೆ ಕಾದು, ಆಮೇಲೆ ಕ್ಲಾಕ್ ಬದಲಿಸಿ 625 ಬರೆದು "ಸರಿ" ಕಳಿಸುತ್ತೇನೆ. ಬಫರ್ ಖಾಲಿ ಎಂದಷ್ಟೇ ಹೇಳುವ ಟಿಎಕ್ಸ್‌ಇ ನೋಡಿ ಬದಲಿಸಿದರೆ ಕೊನೆಯ ಬೈಟು ದಾರಿಯಲ್ಲೇ ಕೆಡುತ್ತದೆ. 8ರಲ್ಲಿ ಬೇಕಾದದ್ದು 69.44, ಸಿಗುವುದು 69. ಅಲ್ಲೇ ಶೇ. 0.6 ವ್ಯತ್ಯಾಸ. ಏಪ್ರಿಲ್ ಬಿಸಿಲಿಗೆ ರಾಯಚೂರಿನ ತಗಡಿನ ಡಬ್ಬಿಯೊಳಗೆ ಆಸಿಲೇಟರೂ ಸರಿಯುತ್ತದೆ, ಆದ್ದರಿಂದ ಆ ವೇಗದಲ್ಲಿ ಒಂದೆರಡು ಸಾಲಿಗಿಂತ ಹೆಚ್ಚು ಕಳಿಸುವುದಿಲ್ಲ.

ನಿಯಮ ಒಂದೇ: ಹೆಸರು ಮೊದಲು, ಕೆಲಸ ಆಮೇಲೆ, ಫಲಿತಾಂಶ ಕೊನೆಗೆ. ಹೆಸರು ಮತ್ತು ಫಂಕ್ಷನ್ ಪಾಯಿಂಟರ್ ಇರುವ ಸ್ಟ್ರಕ್ಟ್‌ಗಳ ಒಂದು ಟೇಬಲ್, ಅದರ ಮೇಲೊಂದು ಫಾರ್ ಲೂಪ್. ಸಣ್ಣ ಚಿಪ್ಪುಗಳ ಸಿ ಲೈಬ್ರರಿಯಾದ ನ್ಯೂಲಿಬ್‌ನ ಪ್ರಿಂಟ್‌ಎಫ್ ಬಳಸುವುದಾದರೆ ಬಫರಿಂಗ್ ಮೊದಲು ನಿಲ್ಲಿಸಿ. ಇಲ್ಲದಿದ್ದರೆ ಹೊಸ ಸಾಲಿನ ಅಕ್ಷರ ಬರುವತನಕ ಹೆಸರು ಬಫರಿನಲ್ಲೇ ಕೂತಿರುತ್ತದೆ, ನಿಂತುಹೋದದ್ದು ಯಾವ ಹಂತದಲ್ಲಿ ಎಂಬುದೇ ಕಾಣುವುದಿಲ್ಲ. ನಾನಂತೂ ಅದನ್ನೇ ಬಿಟ್ಟು, ಸ್ಟ್ರಿಂಗ್‌ಗೊಂದು, ಅಂಕಿಗೊಂದು ಎಂದು ಎರಡು ಸಣ್ಣ ಫಂಕ್ಷನ್ ಬರೆದುಕೊಂಡೆ. ಹತ್ತಾರು ಕೆಬಿ ಉಳಿಯಿತು. ಹೊಲದಿಂದ ವಾಟ್ಸಾಪಿನಲ್ಲಿ ಬರುವ ಫೋಟೊ ಹೀಗಿರುತ್ತದೆ:

ಕಾರಣ: ವಾಚ್‌ಡಾಗ್, ಹಿಂದಿನ ಹಂತ: 2
1 ಕ್ಲಾಕ್: ಸರಿ
2 ಮೆಮೊರಿ:

ಎರಡರ ಮುಂದೆ ಏನೂ ಇಲ್ಲ. ಅಂದರೆ ಐ2ಸಿ ಇಇಪ್ರಾಮ್ (ಕರೆಂಟು ಹೋದರೂ ನೆನಪಿಡುವ ಮೆಮೊರಿ ಚಿಪ್ಪು) ಓದುವ ನಡುವೆ ರೀಸೆಟ್ ಆಗಿ, ಇಇಪ್ರಾಮ್ ಎಸ್‌ಡಿಎ (ಡೇಟಾ) ಲೈನನ್ನು ಕೆಳಗೆ ಹಿಡಿದುಕೊಂಡಿದೆ. ವಾಚ್‌ಡಾಗ್ (ಕೋಡು ಸಿಕ್ಕಿಕೊಂಡರೆ ಚಿಪ್ಪನ್ನು ರೀಸೆಟ್ ಮಾಡುವ ಟೈಮರ್) ಎಷ್ಟು ಸಲ ರೀಸೆಟ್ ಮಾಡಿದರೂ ಅದು ಬಿಡುವುದಿಲ್ಲ, ಯಾಕೆಂದರೆ ಇಇಪ್ರಾಮ್‌ನ ಕರೆಂಟು ಹೋಗಿಯೇ ಇಲ್ಲ. ಎಸ್‌ಸಿಎಲ್ (ಕ್ಲಾಕ್) ಲೈನಿನ ಮೇಲೆ ಒಂಬತ್ತು ಪಲ್ಸ್ ಹೊಡೆದು ಸ್ಟಾಪ್ ಕೊಟ್ಟರೆ ಬಿಡುತ್ತದೆ. ಈಗ ಎರಡನೇ ಹಂತದ ಮೊದಲ ಕೆಲಸವೇ ಅದು.

ಮೊದಲ ಸಾಲಿನ "ಕಾರಣ" ಬರುವುದು ರೀಸೆಟ್ ಯಾಕಾಯಿತು ಎಂದು ಗುರುತಿಡುವ ಆರ್‌ಸಿಸಿ ಸಿಎಸ್‌ಆರ್ ರಿಜಿಸ್ಟರಿನಿಂದ. ಓದಿದ ಮೇಲೆ ಆರ್‌ಎಂವಿಎಫ್ ಬಿಟ್ ಬರೆದು ಅಳಿಸಬೇಕು, ಇಲ್ಲದಿದ್ದರೆ ಹಳೆಯ ಫ್ಲ್ಯಾಗು ಉಳಿದುಕೊಂಡು ಮುಂದಿನ ಸಲ ದಾರಿ ತಪ್ಪಿಸುತ್ತದೆ. "ಹಿಂದಿನ ಹಂತ" ಬ್ಯಾಕಪ್ ರಿಜಿಸ್ಟರಿನಲ್ಲಿರುತ್ತದೆ. ಪಿಡಬ್ಲ್ಯುಆರ್ (ಪವರ್), ಬಿಕೆಪಿ (ಬ್ಯಾಕಪ್) ಕ್ಲಾಕ್ ಎರಡನ್ನೂ ಕೊಟ್ಟು, ಬರೆಯಲು ಬಿಡುವ ಡಿಬಿಪಿ ಬಿಟ್ ಹಾಕದಿದ್ದರೆ ಬರೆದದ್ದು ನಿಲ್ಲುವುದೇ ಇಲ್ಲ, ಎರರ್ ಕೂಡ ಬರುವುದಿಲ್ಲ. ಚಿಪ್ಪಿನ ವಿಬ್ಯಾಟ್ (ಬ್ಯಾಟರಿ) ಪಿನ್ನಿಗೆ ಸಿಆರ್2032 ಸೆಲ್ ಇದ್ದರೆ ಕರೆಂಟು ಹೋದರೂ ಅಂಕಿ ಉಳಿಯುತ್ತದೆ. ನಮ್ಮ ಕಡೆ ಇದೇ ಮುಖ್ಯ. ತ್ರೀ ಫೇಸ್ ಬಂದ ಕ್ಷಣ ಸುತ್ತಲಿನ ಮೋಟರುಗಳೆಲ್ಲ ಒಟ್ಟಿಗೇ ಏಳುತ್ತವೆ, ವೋಲ್ಟೇಜು ಕುಸಿಯುತ್ತದೆ, ಬೋರ್ಡು ಮತ್ತೆ ಮತ್ತೆ ಹುಟ್ಟುತ್ತದೆ. ಕುಸಿಯುವ ಮೊದಲೇ ಅದನ್ನು ಹಿಡಿದು ಗುರುತು ಹಾಕುವ ಒಂದು ಉಪಾಯ ನನ್ನಲ್ಲಿದೆ. ಹೊಟ್ಟೆಪಾಡು, ಅದನ್ನು ಇಲ್ಲಿ ಬರೆಯಲಾರೆ.

ಕನ್ನಡ ಯಾಕೆ ಎಂದರೆ ಓದಿ ಹೇಳುವವರು ಮೋಟರ್ ಮೆಕ್ಯಾನಿಕ್‌ಗಳು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು, "ಸರಿ" ಅಂದರೇ ಒಂಬತ್ತು. ಪ್ರಿಂಟ್‌ಎಫ್‌ನಲ್ಲಿ %-24s ಎಂದು ಜಾಗ ಹೊಂದಿಸಲು ಹೊರಟರೆ ಅದು ಎಣಿಸುವುದು ಬೈಟು, ಅಕ್ಷರ ಅಲ್ಲ. ಸಾಲುಗಳು ಎತ್ತೆತ್ತಲೋ ಹೋಗುತ್ತವೆ. ಅದಕ್ಕೇ ಅಂದದ ಗೋಜು ಬಿಟ್ಟು ಬರೀ ಕೋಲನ್ ಹಾಕಿದೆ. ಅಕ್ಷರಕ್ಕೆ ಬಣ್ಣ ಕೊಡುವ ಎಎನ್‌ಎಸ್‌ಐ ಕೋಡನ್ನೂ ಹಾಕಿ ನೋಡಿದೆ. ಕೆಲವು ಫೋನ್ ಆ್ಯಪ್‌ಗಳು ಬಣ್ಣದ ಬದಲು ಆ ಕೋಡನ್ನೇ ತೋರಿಸಿದವು, ತೆಗೆದೆ. ಬೂಟ್ ನಿಧಾನ ಆಗುತ್ತದೆ ಎನ್ನುವವರಿಗೆ ಲೆಕ್ಕ: 115200ರಲ್ಲಿ ಸೆಕೆಂಡಿಗೆ 11520 ಬೈಟು. ಎಲ್ಲಾ ಸಾಲು ಸೇರಿ ಆರೇಳು ನೂರು ಬೈಟು, ಅಂದರೆ 60 ಮಿಲಿಸೆಕೆಂಡಿನ ಆಸುಪಾಸು. ಮೋಟರ್ ಎಬ್ಬಿಸುವ ಮೊದಲು ಸ್ಟಾರ್ಟರೇ ಬೇಕಂತಲೇ ಹತ್ತಾರು ಸೆಕೆಂಡು ಕಾಯುತ್ತದೆ!

ಬೂಟ್ ಮೆಸೇಜಿನಲ್ಲಿ ಆವೃತ್ತಿ ತೋರಿಸಲು ಡೇಟ್, ಟೈಮ್ ಮ್ಯಾಕ್ರೊ (ಕಂಪೈಲ್ ಆದ ತಾರೀಖು, ಹೊತ್ತು) ಬಳಸುವವರು ಒಂದು ನೋಡಿಕೊಳ್ಳಿ: ಆ ಫೈಲು ಮತ್ತೆ ಕಂಪೈಲ್ ಆದರಷ್ಟೇ ತಾರೀಖು ಬದಲಾಗುತ್ತದೆ. ಆ ಒಂದು ಫೈಲನ್ನು ಪ್ರತಿ ಬಿಲ್ಡಿನಲ್ಲೂ ಬಲವಂತವಾಗಿ ಕಂಪೈಲ್ ಮಾಡಿಸಿ.

ಡಬ್ಬಿಯೊಳಗೆ 415 ವೋಲ್ಟ್ ಇದೆ, ಮೆಕ್ಯಾನಿಕ್ ಮುಚ್ಚಳ ತೆಗೆಯುವಂತಿರಬಾರದು. ಟಿಎಕ್ಸ್ (ಸಾಲು ಕಳಿಸುವ ಪಿನ್ನು) ಮತ್ತು ಗ್ರೌಂಡ್ ಎರಡೇ ವೈರು ಹೊರಗೆ, ಟಿಎಕ್ಸ್‌ಗೆ ಸೀರೀಸಿನಲ್ಲಿ 1ಕೆ ರೆಸಿಸ್ಟರು. ಚಾರ್ಜರಿಗೆ ಹಾಕಿದ ಲ್ಯಾಪ್‌ಟಾಪ್ ಬೇಡ, ಬ್ಯಾಟರಿ ಮೇಲಿರುವ ಫೋನೇ ಸಾಕು.

ಹೆಚ್ಚು ದುಡ್ಡು ಉಳಿಸಿದ್ದು ಮೋಡೆಮ್ ಸಾಲು. "5 ಮೋಡೆಮ್:" ಎಂದು ಬಂದು, ತಕ್ಷಣ ಮತ್ತೆ "ಕಾರಣ: ಪವರ್, ಹಿಂದಿನ ಹಂತ: 5" ಎಂದು ಸುತ್ತುತ್ತಿದ್ದರೆ ಸಾಫ್ಟ್‌ವೇರ್ ಹುಡುಕಬೇಡಿ. ಸಿಮ್800ಎಲ್ ಮೋಡೆಮ್ ನೆಟ್‌ವರ್ಕಿಗೆ ಸೇರಲು ಸಿಗ್ನಲ್ ಕಳಿಸುವಾಗ 2 ಆಂಪಿಯರ್‌ವರೆಗೆ ಎಳೆಯುತ್ತದೆ, ಸಪ್ಲೈ ತಡೆಯುವುದಿಲ್ಲ. ಹೀಗೆ ವಾಪಸ್ ಬಂದ ಬೋರ್ಡುಗಳಿಗೆ ಮೊದಲು ಮೋಡೆಮನ್ನೇ ಬದಲಿಸುತ್ತಿದ್ದರು, ಒಂದಕ್ಕೆ ಮುನ್ನೂರರ ಮೇಲೆ. ಈಗ ಮೋಡೆಮ್ ಪಿನ್ನಿಗೆ ಅಂಟಿದಂತೆ 1000 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿ, ಅಲ್ಲಿಗೆ ಹೋಗುವ ಟ್ರ್ಯಾಕಿಗೆ ದಪ್ಪ ವೈರು ಬೆಸೆಯುತ್ತೇನೆ. ಹತ್ತು ರೂಪಾಯಿಯ ಸಾಮಾನು.